ಹೇಳುವವರು ಎಲ್ಲಿ ನಿಂತಿದ್ದರು? ಯುದ್ಧದ ಕೆಲವು ಪುಸ್ತಕಗಳ ಬಗ್ಗೆ

(ಶಿವಮೊಗ್ಗದಲ್ಲಿ ಓದುಗರ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುದ್ಧದ ಬಗ್ಗೆ ನಿಮಗೆ ಇಷ್ಟವಾದ ಪುಸ್ತಕಗಳನ್ನು ಹೇಳಿ, ಕಾದಂಬರಿ ಬೇಡ, ನಿಜವಾಗಿ ನಡೆದದ್ದನ್ನು ಬರೆದ ಪುಸ್ತಕಗಳೇ ಆಗಲಿ ಎಂದು ಕೂಟದವರು ಕೇಳಿದರು. ಒಪ್ಪಿಕೊಂಡೆ. ಮನೆಯಲ್ಲಿ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನನಗೆ ಹಿಡಿಸಿದ ಪುಸ್ತಕಗಳಲ್ಲಿ ಗೆದ್ದ ಸೇನಾಪತಿಗಳು ಬರೆದದ್ದು ಒಂದೂ ಇಲ್ಲ. ಸೆರೆ ಸಿಕ್ಕವರು, ಬಟ್ಟೆ ಒಗೆದವರು, ಗಂಡನನ್ನು ಕಳೆದುಕೊಂಡವರು, ಮನೆ ಬಿದ್ದವರು, ಇಂಥವರ ಮಾತೇ ಇದೆ.

ನಮ್ಮ ಕಡೆಯವರಿಗೆ ಯುದ್ಧ ಮೊದಲು ಕಿವಿಗೆ ಬೀಳುತ್ತದೆ. ಇಲ್ಲೇ ಪಕ್ಕದ ಹೊಸಹಳ್ಳಿಯಲ್ಲಿ ಗಮಕಿಗಳು ಕುಮಾರವ್ಯಾಸನ ಭಾರತವನ್ನು ಹಾಡುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆಡುವ ಯಕ್ಷಗಾನ ಪ್ರಸಂಗಗಳಲ್ಲಿ ಎಷ್ಟೊಂದರ ಹೆಸರು ‘ಕಾಳಗ’ ಅಂತಲೇ ಮುಗಿಯುತ್ತದೆ. ಬಾಣ ತಾಗಿದ ಮೇಲೂ ಕರ್ಣ ತುಂಬಾ ಹೊತ್ತು ಮಾತಾಡುತ್ತಾನೆ. ನಾವು ಕೂತು ಕೇಳುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ಆ ಕಣ್ಣೀರು ಸುಳ್ಳಲ್ಲ. ಆದರೆ ನಿಜವಾದ ಯುದ್ಧದಲ್ಲಿ ಗುಂಡು ತಾಗಿದವನ ಪಕ್ಕ ಭಾಗವತರು ಇರುವುದಿಲ್ಲ. ಅವನ ಮಾತನ್ನು ಬೇರೆ ಯಾರೋ ಹೇಳಬೇಕು. ಆ ಬೇರೆಯವರು ಯಾರು? ಆ ಹೊತ್ತಿಗೆ ಅವರು ಎಲ್ಲಿ ನಿಂತಿದ್ದರು? ಯುದ್ಧದ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಕೇಳುವುದು ಇದನ್ನೇ.

ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಕಲ್ಲುಗಳಿಗೂ ಕೇಳಬಹುದು. ಶಿಕಾರಿಪುರ, ಸೊರಬದ ಕಡೆ ಎಷ್ಟು ವೀರಗಲ್ಲುಗಳಿವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಇಲ್ಲಿ ಶಿವಪ್ಪನಾಯಕನ ಅರಮನೆಯ ಆವರಣದಲ್ಲೂ ಹಳೆಯ ಕಲ್ಲುಗಳನ್ನು ತಂದು ನಿಲ್ಲಿಸಿದ್ದಾರೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಇವರಲ್ಲಿ ಹಲವರು ದೊಡ್ಡ ಯುದ್ಧಗಳಲ್ಲಿ ಸತ್ತವರೇ ಅಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರು. ಎಷ್ಟೋ ಕಲ್ಲುಗಳಲ್ಲಿ ಸತ್ತವನ ಹೆಸರಿದೆ, ಆಗ ಆಳುತ್ತಿದ್ದ ರಾಜನ ಹೆಸರಿದೆ. ಕೆಲವು ಕಡೆ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟ ವಿಷಯವೂ ಇದೆ. ನನಗೆ ಆ ಸಾಲು ಬಹಳ ಮುಖ್ಯ. ಉಳಿದವರು ಮಾರನೇ ವರ್ಷ ಏನು ತಿಂದರು ಎನ್ನುವ ಪ್ರಶ್ನೆಗೆ ಅದೊಂದೇ ಉತ್ತರ. ಆದರೆ ಕಲ್ಲು ಕೆತ್ತಿಸಿದವರು ಊರಿನವರು, ಒಡೆಯರು. ಅವರ ಕಣ್ಣಿಗೆ ಅವನು ಸತ್ತ ಕೂಡಲೇ ಸ್ವರ್ಗಕ್ಕೆ ಹೋದ. ಅವನ ಹೆಂಡತಿಯ ಕಣ್ಣಿಗೆ ಹೇಗೆ ಕಂಡಿತೋ, ಅದನ್ನು ಕೆತ್ತಲು ನಾಲ್ಕನೇ ಅಂತಸ್ತು ಇರಲಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ಕನ್ನಡದ ಓದುಗರಿಗೆ ಹೆಚ್ಚು ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಬ್ರಿಗೇಡಿಯರ್ ಜಾನ್ ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’. ಇಂಗ್ಲಿಷಿನಲ್ಲಿ 1969ರಲ್ಲಿ ಬಂತು. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದರು. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ, ಬೇರೆ ಪುಸ್ತಕ ಇಲ್ಲದಿದ್ದರೂ ಇದು ಇದೆ.

ದಳವಿ 1962ರ ಭಾರತ-ಚೀನಾ ಯುದ್ಧದಲ್ಲಿ 7ನೇ ಬ್ರಿಗೇಡಿನ ಕಮಾಂಡರ್. ಇಂದಿನ ಅರುಣಾಚಲದ ಪಶ್ಚಿಮ ತುದಿಯಲ್ಲಿ ನಾಮ್ಕಾ ಚು ಎಂಬ ಹೊಳೆ. ನಮ್ಮ ಸೈನಿಕರು ಹೊಳೆಯ ದಂಡೆಯಲ್ಲಿ, ತಗ್ಗಿನಲ್ಲಿ. ಎದುರಿಗೆ ಥಗ್ಲಾ ಎಂಬ ಎತ್ತರದ ಏಣು, ಅದರ ಮೇಲೆ ಚೀನಾದವರು. ಸುಮ್ನೆ ಯೋಚಿಸಿ, ಕೊಡಚಾದ್ರಿಯ ಬುಡದ ಹಳ್ಳದಲ್ಲಿ ನಿಂತು ತುದಿಯಲ್ಲಿರುವವನನ್ನು ಓಡಿಸಿ ಬಾ ಎಂದು ಯಾರಾದರೂ ಹೇಳಿದರೆ ಹೇಗಿರುತ್ತದೆ? ಘಟ್ಟ ಹತ್ತಿ ಇಳಿದು ಗೊತ್ತಿರುವ ನಮಗೆ ಇದನ್ನು ವಿವರಿಸಲು ನಕ್ಷೆ ಬೇಕಿಲ್ಲ. ಸೈನಿಕರ ಮೈಮೇಲೆ ಬೇಸಿಗೆಯ ಹತ್ತಿ ಬಟ್ಟೆ. ಗುಂಡುಗಳು ಕಡಿಮೆ. ಸಾಮಾನು ವಿಮಾನದಿಂದ ಬೀಳಬೇಕು, ಬಿದ್ದದ್ದರಲ್ಲಿ ಬಹಳಷ್ಟು ಕಣಿವೆಯ ಪಾಲು. ಅಕ್ಟೋಬರ್ 12ರಂದು ಪ್ರಧಾನಿ ನೆಹರೂ ಸಿಲೋನಿಗೆ ಹೊರಡುವ ಮುಂಚೆ, ನಮ್ಮ ನೆಲವನ್ನು ಬಿಡಿಸಿಕೊಳ್ಳಲು ಸೈನ್ಯಕ್ಕೆ ಹೇಳಿದ್ದೇವೆ ಎಂದು ಪತ್ರಕರ್ತರಿಗೆ ತಿಳಿಸಿದರು. ಆ ಭಾಗದ ದಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಕೌಲ್ ಕಾಯಿಲೆಯಾಗಿ ದೆಹಲಿಗೆ ಹೋದರು, ಅಲ್ಲಿ ಹಾಸಿಗೆಯಿಂದಲೇ ಆದೇಶ ಕೊಡುತ್ತಿದ್ದರು. ಅಕ್ಟೋಬರ್ 20ರ ಬೆಳಗಿನ ಜಾವ ದಾಳಿ ನಡೆಯಿತು. 22ರಂದು ದಳವಿ ಸೆರೆಯಾದರು. ವಾಪಸು ಬಂದದ್ದು 1963ರ ಮೇ ತಿಂಗಳಲ್ಲಿ.

ಈ ಪುಸ್ತಕದ ಕೋಪ ನನಗೆ ಇಷ್ಟ. ಮನುಷ್ಯ ಸಿಟ್ಟಾಗಿಯೇ ಬರೆದಿದ್ದಾರೆ. ಆದರೆ ಆ ಸಿಟ್ಟಿಗೆ ಕೈಕಾಲು ಇದೆ. ಎಷ್ಟು ಕಂಬಳಿ ಬಂತು, ಯಾವ ಸೇತುವೆಯ ಬಳಿ ಯಾವ ತುಕಡಿ ಇತ್ತು, ಯಾವ ಆದೇಶ ಯಾವ ದಿನ ಬಂತು ಎಂಬುದರಲ್ಲಿ ಅದು ನಡೆಯುತ್ತದೆ. ಇನ್ನೊಂದು ಮಾತನ್ನೂ ಸೇರಿಸಬೇಕು. ದಳವಿ ನಿಂತದ್ದು ಹೊಳೆಯ ದಂಡೆಯಲ್ಲಿ. ಅಲ್ಲಿಂದ ಕಂಡದ್ದನ್ನು ಹೇಳುವಾಗ ಅವರನ್ನು ಮೀರಿಸುವವರಿಲ್ಲ. ದೆಹಲಿಯ ಕೋಣೆಯೊಳಗಿನ ಮಾತುಗಳ ಬಗ್ಗೆ ಬರೆಯುವಾಗ ಅವರೂ ನಮ್ಮ ಹಾಗೆ ಹೊರಗಿನವರು. ಕೌಲ್ ತಮ್ಮ ಕತೆಯನ್ನು 1967ರಲ್ಲೇ ಪುಸ್ತಕ ಮಾಡಿದ್ದರು. ಎರಡನ್ನೂ ಓದಿ, ಯಾರ ಮಾತು ಎಲ್ಲಿ ಗಟ್ಟಿ ಎಂದು ನೀವೇ ತೂಗಿ. ಆ ಸೋಲಿನ ಬಗ್ಗೆ ಸೈನ್ಯ ತಾನೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಯಿತು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಹೊರಗೆ ಹಾಕಿದರು. ಸರ್ಕಾರ ತಾನಾಗಿ ಅದನ್ನು ಜನರ ಮುಂದಿಟ್ಟಿಲ್ಲ. ಅಲ್ಲಿ ಸತ್ತವರ ಮನೆಯವರಿಗೆ ಅದನ್ನು ಓದುವ ಹಕ್ಕಿದೆ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅದೇ ಅಕ್ಟೋಬರಿನಲ್ಲಿ ಭೂಮಿಯ ಆ ಬದಿಯಲ್ಲಿ ಕ್ಯೂಬಾದ ಕ್ಷಿಪಣಿಗಳ ಬಿಕ್ಕಟ್ಟು ನಡೆದಿತ್ತು. ಅಧ್ಯಕ್ಷ ಕೆನಡಿ ಆ ವರ್ಷ ಬಂದಿದ್ದ ಬಾರ್ಬರಾ ಟಕ್‌ಮನ್ ಅವರ ‘ದಿ ಗನ್ಸ್ ಆಫ್ ಆಗಸ್ಟ್’ ಓದಿದ್ದರು. 1914ರ ಆಗಸ್ಟಿನಲ್ಲಿ ದೊಡ್ಡ ದೇಶಗಳು ಒಂದು ಹೆಜ್ಜೆಯ ಹಿಂದೆ ಇನ್ನೊಂದು ಇಟ್ಟು ಮಹಾಯುದ್ಧದೊಳಗೆ ಹೇಗೆ ಜಾರಿದವು ಎಂಬ ಪುಸ್ತಕ ಅದು. ತಾವು ಹಾಗೆ ಜಾರಬಾರದು ಎಂದು ಅವರು ಸುತ್ತಲಿನವರ ಜೊತೆ ಅದರ ಬಗ್ಗೆ ಮಾತಾಡಿದ್ದರು. ಇದು ಮೇಲಿನಿಂದ ನೋಡಿ ಬರೆದ ಪುಸ್ತಕ, ರಾಜರು ಮಂತ್ರಿಗಳ ಲೋಕ. ನನ್ನ ಮನಸ್ಸಿಗೆ ಅಷ್ಟು ಹತ್ತಿರದ್ದಲ್ಲ. ಆದರೂ ಅಂಥ ಹೊತ್ತಿನಲ್ಲಿ ಅದು ಒಬ್ಬ ಅಧ್ಯಕ್ಷನ ತಲೆಯಲ್ಲಿ ಇತ್ತಲ್ಲ, ಅದಕ್ಕಾಗಿ ಅದನ್ನು ಗೌರವಿಸುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಹತ್ತಿರವಾದ ಪುಸ್ತಕ. ಬೆಲಾರೂಸಿನ ಪತ್ರಕರ್ತೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಬರೆದದ್ದು. ಇಂಗ್ಲಿಷಿನಲ್ಲಿ ‘ದಿ ಅನ್‌ವುಮನ್ಲಿ ಫೇಸ್ ಆಫ್ ವಾರ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ರಷ್ಯನ್ ಭಾಷೆಯಲ್ಲಿ 1985ರಲ್ಲಿ ಪುಸ್ತಕವಾಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದಲ್ಲಿ ಸುಮಾರು 10 ಲಕ್ಷ ಹೆಣ್ಣುಮಕ್ಕಳು ಇದ್ದರು. ದಾದಿಯರು ಮಾತ್ರ ಅಲ್ಲ. ದೂರದಿಂದ ಗುರಿಯಿಟ್ಟು ಹೊಡೆಯುವವರು, ವಿಮಾನ ಹಾರಿಸುವವರು, ಟ್ಯಾಂಕ್ ಓಡಿಸುವವರು, ರೊಟ್ಟಿ ಬೇಯಿಸುವವರು, ರಕ್ತ ಹತ್ತಿದ ಬಟ್ಟೆಯನ್ನು ಒಗೆದು ಒಗೆದು ಕೈ ಒಡೆದುಕೊಂಡವರು. ಯುದ್ಧ ಮುಗಿದ ಮೇಲೆ ಇವರಲ್ಲಿ ಎಷ್ಟೋ ಮಂದಿ ಪದಕಗಳನ್ನು ಬಚ್ಚಿಟ್ಟರು. ಗಂಡಸರ ನಡುವೆ ಇದ್ದು ಬಂದವಳು ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಮದುವೆಯಾಗುವುದೇ ಕಷ್ಟವಾಯಿತು.

ಅಲೆಕ್ಸಿಯೆವಿಚ್ ಇವರ ಮನೆಗಳಿಗೆ ಹೋಗಿ ಕೂತರು. ನೂರಾರು ಮನೆ. ಅದರಲ್ಲಿ ಒಂದು ಮನೆಯ ಸಂಗತಿ ನನ್ನನ್ನು ಬಿಟ್ಟಿಲ್ಲ. ಗಂಡ ಹೆಂಡತಿ ಇಬ್ಬರೂ ಯುದ್ಧಕ್ಕೆ ಹೋಗಿ ಬಂದವರು. ಮಾತು ಶುರುವಾಗುವ ಮುಂಚೆ ಗಂಡ ಹೆಂಡತಿಗೆ ಹೇಳುತ್ತಾನೆ, ನಾನು ಕಲಿಸಿದ ಹಾಗೆ ಹೇಳು, ಅಳಬೇಡ, ಜಡೆ ಕತ್ತರಿಸಿದಾಗ ಅತ್ತೆ ಅನ್ನುವಂಥ ಹೆಂಗಸರ ಸಣ್ಣಪುಟ್ಟ ವಿಷಯ ಬೇಡ. ಆಮೇಲೆ ಆಕೆ ಲೇಖಕಿಯ ಕಿವಿಯಲ್ಲಿ ಹೇಳುತ್ತಾಳೆ, ನಿನ್ನೆ ರಾತ್ರಿಯೆಲ್ಲ ಕೂರಿಸಿಕೊಂಡು ಯುದ್ಧದ ಇತಿಹಾಸದ ಪುಸ್ತಕ ಓದಿಸಿದರು.

ನೋಡಿ, ಆಕೆ ತಾನೇ ಹೋಗಿದ್ದ ಯುದ್ಧವನ್ನು ಬೇರೆಯವರು ಬರೆದ ಪುಸ್ತಕದಿಂದ ಬಾಯಿಪಾಠ ಮಾಡಬೇಕಾಯಿತು. ಅಲೆಕ್ಸಿಯೆವಿಚ್ ಮಾಡಿದ ದೊಡ್ಡ ಕೆಲಸ ಅಂದರೆ, ಆ ಬಾಯಿಪಾಠ ಮುಗಿಯುವವರೆಗೂ ಕಾದದ್ದು. ಅದು ಮುಗಿದ ಮೇಲೆ ಜಡೆ ಬರುತ್ತದೆ, ಅಳತೆ ಮೀರಿದ ಬೂಟು ಬರುತ್ತದೆ, ಗಂಡಸರ ಒಳಬಟ್ಟೆ ಹಾಕಿಕೊಂಡು ನಾಲ್ಕು ವರ್ಷ ಕಳೆದ ಅವಮಾನ ಬರುತ್ತದೆ. ಸಣ್ಣಪುಟ್ಟದ್ದು ಎಂದು ಗಂಡ ತಳ್ಳಿಹಾಕಿದ್ದೇ ಅಲ್ಲಿ ಯುದ್ಧ. ಸೋವಿಯತ್ ಕಾಲದ ಸೆನ್ಸಾರ್ ಇದರಲ್ಲಿ ಹಲವು ಭಾಗಗಳನ್ನು ಕತ್ತರಿಸಿತ್ತು. ಮುಂದಿನ ಮುದ್ರಣಗಳಲ್ಲಿ ಅವುಗಳನ್ನು ಸೇರಿಸಿದ್ದಾರೆ, ಕತ್ತರಿಸಿದವರ ಜೊತೆ ನಡೆದ ಮಾತುಕತೆಯ ಸಮೇತ.

ಹೀಗೆ ಕೇಳಿ ಬರೆಯುವುದರಲ್ಲಿ ಅಪಾಯವೂ ಇದೆ. ಅಫ್ಘಾನಿಸ್ತಾನದ ಯುದ್ಧದ ಬಗ್ಗೆ ಅವರು ಇದೇ ರೀತಿ ಇನ್ನೊಂದು ಪುಸ್ತಕ ಬರೆದರು. ಸತ್ತ ಹುಡುಗರು ಸತುವಿನ ಪೆಟ್ಟಿಗೆಗಳಲ್ಲಿ ಊರಿಗೆ ಬರುತ್ತಿದ್ದರು, ಆ ಪೆಟ್ಟಿಗೆಯ ಹೆಸರೇ ಪುಸ್ತಕಕ್ಕೆ. 1990ರ ದಶಕದ ಮೊದಲಿಗೆ ಮಿನ್ಸ್ಕ್ ನಗರದಲ್ಲಿ ಕೆಲವು ತಾಯಂದಿರು, ಮಾಜಿ ಸೈನಿಕರು ಅವರ ಮೇಲೆ ಕೇಸು ಹಾಕಿದರು. ನಾವು ಹೇಳಿದ್ದು ಹೀಗಲ್ಲ, ನಮ್ಮ ಮಕ್ಕಳ ಹೆಸರು ಕೆಡಿಸಿದ್ದೀರಿ ಎಂದು. ಆ ತಾಯಂದಿರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮಗ ದೇಶಕ್ಕಾಗಿ ಸತ್ತ ಎಂಬ ಒಂದೇ ಮಾತು ಉಳಿದಿರುವಾಗ ಅದನ್ನೂ ಬಿಟ್ಟುಕೊಡು ಅಂದರೆ ಯಾರು ಕೊಡುತ್ತಾರೆ? ಕೋರ್ಟಿನ ಕಾಗದಪತ್ರಗಳನ್ನೂ ಮುಂದಿನ ಮುದ್ರಣಗಳಲ್ಲಿ ಹಾಕಿದ್ದಾರೆ. ಎದುರು ಮಾತಿಗೂ ಪುಸ್ತಕದೊಳಗೇ ಜಾಗ ಕೊಡುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಇನ್ನು ಜಾನ್ ಹರ್ಸಿಯ ‘ಹಿರೋಷಿಮಾ’. 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ಪತ್ರಿಕೆ ಆ ಒಂದೇ ಬರಹಕ್ಕೆ ಇಡೀ ಸಂಚಿಕೆಯನ್ನು ಬಿಟ್ಟುಕೊಟ್ಟಿತು. ಅಮೆರಿಕದ ಪತ್ರಕರ್ತ, ಅಮೆರಿಕ ಹಾಕಿದ ಬಾಂಬು. ಹರ್ಸಿ ಆರೇ ಆರು ಜನರನ್ನು ಆರಿಸಿಕೊಂಡರು. ಇಬ್ಬರು ವೈದ್ಯರು, ಇಬ್ಬರು ಪಾದ್ರಿಗಳು, ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಒಬ್ಬ ಹುಡುಗಿ, ದರ್ಜಿಯ ವಿಧವೆ ಒಬ್ಬಾಕೆ. 1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಈ ಆರು ಜನ ಏನು ಮಾಡುತ್ತಿದ್ದರು ಎಂಬಲ್ಲಿಂದ ಶುರು. ಬರಹಗಾರ ಎಲ್ಲೂ ಅಳುವುದಿಲ್ಲ, ಬಯ್ಯುವುದಿಲ್ಲ. ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಗಾಯವಾಗದೆ ಉಳಿದ ಒಬ್ಬನೇ ವೈದ್ಯ ಸಸಾಕಿ, ತನ್ನ ಕನ್ನಡಕ ಹಾರಿಹೋಗಿ ಗಾಯಗೊಂಡ ದಾದಿಯೊಬ್ಬಳ ಕನ್ನಡಕ ಹಾಕಿಕೊಂಡು ಕೆಲಸ ಮಾಡುತ್ತಾನೆ. 600 ಹಾಸಿಗೆಯ ಆಸ್ಪತ್ರೆಗೆ 10,000 ಜನ ಬರುತ್ತಾರೆ. ಇಷ್ಟನ್ನು ಹೇಳಿ ಹರ್ಸಿ ಮುಂದೆ ಹೋಗಿಬಿಡುತ್ತಾರೆ.

ಅದರಲ್ಲಿ ಒಂದು ಕಡೆ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದ್ದೇನೆ. ಕಾಲು ಮುರಿದ ಆ ಹುಡುಗಿಯನ್ನು ಕೆಲವು ವಾರಗಳ ನಂತರ ಊರಿನ ಅವಶೇಷಗಳ ನಡುವೆ ಕರೆದುಕೊಂಡು ಹೋಗುತ್ತಾರೆ. ಎಲ್ಲೆಲ್ಲೂ ಹಸಿರು. ಬೂದಿಯ ಮೇಲೆ, ಸುಟ್ಟ ತಗಡಿನ ಮೇಲೆ ಕಳೆಗಿಡ, ಕಾಡುಹೂವು ದಟ್ಟವಾಗಿ ಬೆಳೆದಿವೆ. ಬಾಂಬು ನೆಲದೊಳಗಿನ ಬೇರುಗಳನ್ನು ಸಾಯಿಸುವ ಬದಲು ಇನ್ನಷ್ಟು ಕೆರಳಿಸಿದ ಹಾಗಿತ್ತು. ಮಲೆನಾಡಿನವರಿಗೆ ಹಸಿರು ಅಂದರೆ ಮಳೆ ಬಂತು, ಬದುಕು ನಡೆಯಿತು ಅಂತ, ಅಲ್ವಾ? ಹಸಿರು ಕಂಡು ಹೆದರಿಕೆಯಾದದ್ದು ನನಗೆ ಆ ಪುಟದಲ್ಲಿ.

ದರ್ಜಿಯ ವಿಧವೆ ನಾಕಾಮುರಾ. ಗಂಡ ಸಿಂಗಪುರದಲ್ಲಿ ಸತ್ತಿದ್ದ. ಮೂರು ಮಕ್ಕಳು. ಬಾಂಬು ಬಿದ್ದ ದಿನ ಆಕೆ ಹೊಲಿಗೆ ಯಂತ್ರವನ್ನು ಮನೆಮುಂದಿನ ನೀರಿನ ತೊಟ್ಟಿಯೊಳಗೆ ಮುಳುಗಿಸಿಟ್ಟು ಓಡಿದಳು. ಅದು ಅವಳ ಅನ್ನ. ಹರ್ಸಿ ಸುಮಾರು ನಲವತ್ತು ವರ್ಷದ ನಂತರ ಮತ್ತೆ ಆ ಆರು ಜನರನ್ನು ಹುಡುಕಿಕೊಂಡು ಹೋಗಿ 1985ರಲ್ಲಿ ಹೊಸ ಅಧ್ಯಾಯ ಸೇರಿಸಿದರು. ತೊಟ್ಟಿಯಿಂದ ತೆಗೆದು ತುಕ್ಕು ಬಿಡಿಸಿದ ಆ ಯಂತ್ರವನ್ನು ಮುಂದೆ ವೈದ್ಯರ ಖರ್ಚಿಗಾಗಿ ಆಕೆ ಮಾರಬೇಕಾಯಿತು ಎಂದು ಗೊತ್ತಾಗುವುದು ಅಲ್ಲಿ. ಯುದ್ಧದ ಬಗ್ಗೆ ಬರೆದವರಲ್ಲಿ ಮತ್ತೆ ವಾಪಸು ಹೋಗಿ ‘ಹೇಗಿದ್ದೀರಿ’ ಎಂದು ಕೇಳಿದವರು ಎಷ್ಟು ಜನ?

ಇನ್ನೊಂದು ಪುಸ್ತಕದ ಬಗ್ಗೆ ಮಾತಾಡುವುದು ಸ್ವಲ್ಪ ಕಷ್ಟ. ಯಾಕೆಂದರೆ ಇಲ್ಲಿರುವ ಬಹಳ ಮಂದಿಗೆ ಅದು ಪ್ರೀತಿಯ ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ ‘ಮಹಾಪಲಾಯನ’. ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ನಮ್ಮ ಹುಡುಗರಿಗೆ ಇಡೀ ಪ್ರಪಂಚವನ್ನು ತೋರಿಸಿದರು. ಮಿಲೇನಿಯಂ ಸರಣಿಯಲ್ಲಿ ‘ಮಹಾಯುದ್ಧ’ ಎಂದು ಮೂರು ಭಾಗಗಳಿವೆ. ಎರಡನೇ ಮಹಾಯುದ್ಧ ಅಂದರೆ ಏನು ಎಂದು ನಮ್ಮ ಊರುಗಳ ಎಷ್ಟೋ ಹುಡುಗರು ತಿಳಿದದ್ದು ಆ ಪುಸ್ತಕಗಳಿಂದಲೇ. ‘ಮಹಾಪಲಾಯನ’ ಪೋಲೆಂಡಿನ ಸ್ಲಾವೊಮಿರ್ ರಾವಿಚ್ 1956ರಲ್ಲಿ ತನ್ನದೇ ಅನುಭವ ಎಂದು ಪ್ರಕಟಿಸಿದ ಕತೆ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ ದಾಟಿ, ಟಿಬೆಟ್ ಹಾದು, ಹಿಮಾಲಯ ಇಳಿದು ಭಾರತಕ್ಕೆ ನಡೆದು ಬಂದದ್ದು.

2006ರಲ್ಲಿ ಬಿಬಿಸಿಯವರು ಹಳೆಯ ದಾಖಲೆಗಳನ್ನು ಹೊರಗೆ ತಂದರು. ಅದರಲ್ಲಿ ರಾವಿಚ್ ಸ್ವತಃ ಬರೆದ ಕಾಗದಗಳೂ ಇದ್ದವು. ಅವುಗಳ ಪ್ರಕಾರ ಆತ ಸೈಬೀರಿಯಾದಿಂದ ಓಡಿಬಂದದ್ದಲ್ಲ. ಪೋಲೆಂಡಿನ ಕೈದಿಗಳಿಗೆ ಸೋವಿಯತ್ ಸರ್ಕಾರ ಕ್ಷಮಾದಾನ ಕೊಟ್ಟಾಗ 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋದದ್ದು. ಆ ಹೊತ್ತಿಗೆ ರಾವಿಚ್ ತೀರಿಹೋಗಿ ಎರಡು ವರ್ಷವಾಗಿತ್ತು.

ಹಾಗಾದರೆ ಆ ಪುಸ್ತಕವನ್ನು ಎತ್ತಿ ಬಿಸಾಡೋಣವೇ? ನಾನು ಹಾಗೆ ಹೇಳುವುದಿಲ್ಲ. ತೇಜಸ್ವಿಯವರ ಕನ್ನಡ ಎಲ್ಲಿಗೂ ಹೋಗುವುದಿಲ್ಲ. ಮಕ್ಕಳು ಓದಲಿ, ಉಸಿರು ಬಿಗಿಹಿಡಿದು ಓದಲಿ. ಆದರೆ ಓದಿ ಮುಗಿಸಿದ ಮೇಲೆ ಈ ದಾಖಲೆಗಳ ವಿಷಯವನ್ನೂ ಅವರಿಗೆ ಹೇಳಬೇಕು. ಸೈಬೀರಿಯಾದ ಶಿಬಿರಗಳು ನಿಜ. ಅಲ್ಲಿ ಹಸಿವಿನಿಂದ, ಚಳಿಯಿಂದ ಸತ್ತವರು ನಿಜ. ನಡೆಯದ ಒಂದು ನಡಿಗೆಯನ್ನು ನಡೆದದ್ದು ಅಂದಾಗ ಅನ್ಯಾಯ ಆಗುವುದು ಅವರಿಗೆ. ಒಂದು ಸುಳ್ಳು ಸಿಕ್ಕಿತು ಎಂದು ನಾಳೆ ಇನ್ಯಾರೋ ಎದ್ದು ಶಿಬಿರಗಳೇ ಸುಳ್ಳು ಅನ್ನಬಹುದು. ಅದಕ್ಕೇ ಯುದ್ಧದ ಬರಹದಲ್ಲಿ ನಡೆದದ್ದು ಯಾವುದು, ಕಟ್ಟಿದ್ದು ಯಾವುದು ಎಂದು ಕೇಳುವುದನ್ನು ಬಿಡಬಾರದು.

ಊಹೆ ಮಾಡಲೇಬೇಕಾದ ಸಂದರ್ಭಗಳೂ ಇರುತ್ತವೆ. ರಘು ಕಾರ್ನಾಡ್ ಅವರ ‘ಫಾರ್ದೆಸ್ಟ್ ಫೀಲ್ಡ್’ 2015ರಲ್ಲಿ ಬಂತು. ಮನೆಯಲ್ಲಿ ಮೂರು ಫೋಟೋಗಳಿದ್ದವು, ಅವರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರು ಕೊಡಗಿನ ಕೋದಂಡೇರ ಗಣಪತಿ, ಲೇಖಕರ ಅಜ್ಜ, ಸೈನ್ಯದಲ್ಲಿ ವೈದ್ಯರು. ಇನ್ನಿಬ್ಬರು ಅಜ್ಜಿಯ ಕಡೆಯ ನೆಂಟರು. ಮೂವರೂ ಎರಡನೇ ಮಹಾಯುದ್ಧದಲ್ಲಿ ತೀರಿಹೋದವರು. ಆ ಯುದ್ಧದಲ್ಲಿ ಭಾರತದ ಸೈನ್ಯ 25 ಲಕ್ಷದಷ್ಟಿತ್ತು. ಆದರೂ ನಮ್ಮ ಶಾಲೆಯ ಪಾಠದಲ್ಲಿ 1942 ಅಂದರೆ ಕ್ವಿಟ್ ಇಂಡಿಯಾ, ನಮ್ಮ ಜಿಲ್ಲೆಯವರಿಗೆ ಈಸೂರು. ಅದು ಸರಿಯೇ. ಬ್ರಿಟಿಷರ ಸಮವಸ್ತ್ರದಲ್ಲಿ ಸತ್ತವರನ್ನು ಯಾವ ಕಡೆಗೆ ಸೇರಿಸಬೇಕು ಎಂದು ತಿಳಿಯದೆ ಮನೆಯವರೇ ಸುಮ್ಮನಾದರು. ಕಾರ್ನಾಡ್ ಕಾಗದ, ದಾಖಲೆ, ಉಳಿದವರ ನೆನಪು ಸೇರಿಸಿ ಆ ಮೂವರನ್ನು ಕಟ್ಟುತ್ತಾರೆ, ಹೇಗೆ ಕಟ್ಟಿದೆ ಎಂಬುದನ್ನು ಓದುಗರಿಗೆ ಮುಚ್ಚಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮದೇ ನೆಲದ ಒಂದು ಕೊರತೆ ಹೇಳಬೇಕು. ಹೊಸನಗರ ತಾಲೂಕಿನ ನಗರ ಕೋಟೆಗೆ ನೀವೆಲ್ಲ ಹೋಗಿರುತ್ತೀರಿ. ಅದು ಕೆಳದಿಯವರ ಬಿದನೂರು. 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಅದನ್ನು ಗೆದ್ದುಕೊಂಡ. 1783ರ ಮೊದಲಿಗೆ ಜನರಲ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಸೇನಾಪತಿ ಹಿಡಿದ, ಅದೇ ವರ್ಷದ ಬೇಸಿಗೆಯಲ್ಲಿ ಟಿಪ್ಪು ಮುತ್ತಿಗೆ ಹಾಕಿ ಮರಳಿ ಪಡೆದ. ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷರು ತಮ್ಮ ಕಷ್ಟಗಳನ್ನು ಬರೆದಿಟ್ಟರು, ಇಂಗ್ಲೆಂಡಿನಲ್ಲಿ ಅಚ್ಚಾಯಿತು, ಜನ ಓದಿದರು. ಆದರೆ ಕೋಟೆಯ ಕೆಳಗಿನ ಅಡಿಕೆ ತೋಟದವನು? ದಂಡು ಬಂದಾಗ ಕಣಜದ ಭತ್ತ ಕಳೆದುಕೊಂಡವನು? ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಹೋದವಳು? ಅವರು ನಿಂತ ಜಾಗದಿಂದ ಬರೆದ ಒಂದು ಪುಟವನ್ನೂ ನಾನು ಓದಿಲ್ಲ.

ಆ ಕಾಲ ಹೋಯಿತು, ಈಗ ಕೇಳಲು ಆಗುವುದಿಲ್ಲ. ಆದರೆ 1965, 1971ರ ಯುದ್ಧಕ್ಕೆ ಹೋದವರು, ಶ್ರೀಲಂಕಾಕ್ಕೆ ಹೋದ ಶಾಂತಿಪಡೆಯಲ್ಲಿ ಇದ್ದವರು, 1999ರಲ್ಲಿ ಕಾರ್ಗಿಲಿನಲ್ಲಿ ಇದ್ದವರು ನಮ್ಮ ತಾಲೂಕುಗಳಲ್ಲೇ ಇದ್ದಾರೆ. ಸ್ವಾತಂತ್ರ್ಯ ದಿನಕ್ಕೆ ಕರೆದು ಶಾಲು ಹೊದಿಸುತ್ತೇವೆ, ಎರಡು ನಿಮಿಷ ಮಾತಾಡಿ ಅನ್ನುತ್ತೇವೆ. ಎರಡು ನಿಮಿಷದಲ್ಲಿ ಬರುವುದು ಬಾಯಿಪಾಠ ಮಾತ್ರ. ಇಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಕೂತಿದ್ದೀರಿ. ನಿಮ್ಮ ಮೊಬೈಲಿನಲ್ಲೇ ಧ್ವನಿ ಹಿಡಿಯಬಹುದು. ಹೋಗಿ ಕೂತು ಕೇಳಿ. ‘ಎಷ್ಟು ಜನರನ್ನು ಹೊಡೆದಿರಿ’ ಅಂತ ಮಾತ್ರ ಕೇಳಬೇಡಿ. ಬೂಟು ಸರಿಯಾಗಿತ್ತಾ, ಏನು ತಿಂತಿದ್ರಿ, ಮನೆಯ ಕಾಗದ ಎಷ್ಟು ದಿನಕ್ಕೆ ಬರ್ತಿತ್ತು, ವಾಪಸು ಬಂದ ಮೊದಲ ವಾರ ನಿದ್ದೆ ಬಂತಾ ಅಂತ ಕೇಳಿ. ಒಳಗೆ ಕಾಫಿ ಮಾಡುತ್ತಿರುವ ಅಜ್ಜಿಯನ್ನೂ ಹೊರಗೆ ಕರೆದು ಕೂರಿಸಿ. ಕಾಗದ ಬಾರದ ತಿಂಗಳುಗಳಲ್ಲಿ ಮನೆ ನಡೆಸಿದವರು ಅವರು. ಅವರು ಹೇಳಬೇಡಿ ಅಂದದ್ದನ್ನು ಎಲ್ಲೂ ಹೇಳಬೇಡಿ. ಬರೆದದ್ದನ್ನು ಅವರಿಗೇ ಒಮ್ಮೆ ಓದಿ ತೋರಿಸಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ‘ಸರ್, ಇಂಥ ಪುಸ್ತಕ ಓದಿದರೆ ಹುಡುಗರು ಸೈನ್ಯಕ್ಕೆ ಸೇರೋದೇ ಬೇಡ ಅಂದುಕೊಳ್ಳಲ್ವಾ?’ ನಾನು ಹೇಳಿದೆ, ದಳವಿಯನ್ನು ಓದಿ ಸೈನ್ಯ ಬೇಡ ಅಂದವರನ್ನು ನಾನು ನೋಡಿಲ್ಲ. ಸೈನಿಕನಿಗೆ ಸರಿಯಾದ ಬಟ್ಟೆ ಕೊಡಿ, ಗೆಲ್ಲಲಾಗದ ಜಾಗದಲ್ಲಿ ನಿಲ್ಲಿಸಬೇಡಿ ಎಂದು ಕೇಳುವುದನ್ನು ಅವರು ಕಲಿಯುತ್ತಾರೆ. ಸೈನಿಕರ ಮೇಲೆ ಪ್ರೀತಿ ಇರುವವರು ಕೇಳಬೇಕಾದದ್ದೂ ಅದನ್ನೇ.

ಕೊನೆಗೆ ಒಬ್ಬ ವಿದ್ಯಾರ್ಥಿನಿ, ‘ಒಂದೇ ಪುಸ್ತಕ ಓದೋದಾದ್ರೆ ಯಾವುದು ಸರ್?’ ಅಂದಳು. ‘ಹಿರೋಷಿಮಾ’ ಓದಮ್ಮ ಎಂದೆ. ಸಣ್ಣ ಪುಸ್ತಕ, ಇಂಗ್ಲಿಷ್ ಸರಳವಾಗಿದೆ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಆದರೆ ಹಳೆಯ ಮುದ್ರಣಗಳಲ್ಲಿ ನಾಲ್ಕೇ ಅಧ್ಯಾಯ ಇರುತ್ತದೆ. 1985ರಲ್ಲಿ ಸೇರಿಸಿದ ಐದನೆಯದು ಇದೆಯಾ ಎಂದು ನೋಡಿಯೇ ತೆಗೆದುಕೋ.